ಶಾಸನಸಂಗ್ರಹದ ಕಡತಗಳೂ ಸಾಪೇಕ್ಷ ಮಾರ್ಗಗಳೂ

ಶಾಸನಗಳ ಪಾಠ, ಪಡಿಯಚ್ಚು, ಛಾಯಾಚಿತ್ರ ಮೊದಲಾದ ಸಾಮಗ್ರಿಯನ್ನು ಗಣಕಯಂತ್ರದಲ್ಲಿ ಕೂಡಿಡುವ ಪದ್ಧತಿ ಈಗ ನಮ್ಮ ಕಾಲೇಜುಗಳಲ್ಲಿ ರೂಢಿಗೆ ಬಂದಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ವಿದ್ಯಾರ್ಥಿಗಳು ತಮ್ಮ ಊರ ಸುತ್ತಣ ಕಲ್ಲುಗಳನ್ನು ನೋಡಿ, ಓದಿ, ಚಿತ್ರ ತೆಗೆದು, ಪೆನ್ ಡ್ರೈವಿನಲ್ಲಿ ತುಂಬಿ ತರುತ್ತಾರೆ. ಅವರವರ ಮನೆಯ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ತೆರೆದುಕೊಂಡಿರುತ್ತದೆ. ವಿಭಾಗದ ಯಂತ್ರಕ್ಕೆ ಬಂದೊಡನೆ ಪಾಠವಿದ್ದಲ್ಲಿ ಚಿತ್ರವಿಲ್ಲ, ಚಿತ್ರವಿದ್ದಲ್ಲಿ ಪಾಠವಿಲ್ಲ. ಕಡತಗಳೆಲ್ಲವೂ ಪೆನ್ ಡ್ರೈವಿನಲ್ಲಿ ಇದ್ದೇ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಕಡಿದುಹೋಗಿರುತ್ತದೆ. ಈ ದಾರಿಯ ಸ್ವರೂಪವೇನು, ಅದು ಕಡಿಯುವುದೇಕೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರು ಬಗೆಯ ವ್ಯವಸ್ಥೆಗಳಲ್ಲಿಯೂ ಕಡಿಯದಂತೆ ಅದನ್ನು ಬರೆಯುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಬಯಸುತ್ತೇವೆ.

ಇದು ಗಣಕಶಾಸ್ತ್ರದವರ ಗೊಡವೆ, ಇತಿಹಾಸದವರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಶಾಸನದ ಪಾಠವೊಂದು ಪ್ರಮಾಣವಾಗುವುದು ಅದನ್ನು ಮೂಲದೊಡನೆ ಹೋಲಿಸಿ ನೋಡಲು ಬರುವ ತನಕ ಮಾತ್ರ. ಸವೆದ ಸಾಲಿನಲ್ಲಿ ಓದುಗನು ಒಂದಕ್ಷರವನ್ನು ಪಕಾರವೆಂದು ಓದಿದನೋ ವಕಾರವೆಂದು ಓದಿದನೋ ಎಂಬ ಸಂದೇಹ ಬಂದಾಗ, ಚಿತ್ರವು ದೊರೆಯದಿದ್ದರೆ ಆ ಪಾಠವು ಬರಿಯ ಹೇಳಿಕೆಯಾಗಿ ಉಳಿಯುತ್ತದೆ. ಕಲ್ಲಾದರೂ ಶಾಶ್ವತವಲ್ಲ. ಹೊಲದ ಬದುವಿನಲ್ಲಿದ್ದದ್ದು ಮನೆಯ ಅಡಿಪಾಯಕ್ಕೆ ಹೋಗುತ್ತದೆ. ಗುಡಿಯ ಗೋಡೆಯಲ್ಲಿದ್ದದ್ದು ಸುಣ್ಣಬಣ್ಣದಡಿ ಮುಚ್ಚಿಹೋಗುತ್ತದೆ. ಅಂಥ ಕಲ್ಲಿನ ಉಳಿದ ಏಕೈಕ ಚಿತ್ರವು ನಮ್ಮಲ್ಲಿಯೇ ಇದ್ದು, ಅದು ಯಾವ ಪಾಠದ ಚಿತ್ರವೆಂದು ತಿಳಿಯದೆ ಹೋದರೆ ಆದ ನಷ್ಟವು ಕಲ್ಲನ್ನೇ ಕಳೆದುಕೊಂಡದ್ದಕ್ಕಿಂತ ಬಹಳ ಕಡಿಮೆಯೇನಲ್ಲ. ಆದುದರಿಂದ ಈ ವಿಷಯವನ್ನು ಪ್ರಯೋಗಾಲಯದ ಸಹಾಯಕರಿಗೆ ಬಿಟ್ಟು ಸುಮ್ಮನಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ಮೊದಲು ಪರಿಭಾಷೆ. ಗಣಕದಲ್ಲಿ ಕಡತಗಳನ್ನು ಫೋಲ್ಡರುಗಳಲ್ಲಿಯೂ, ಫೋಲ್ಡರುಗಳನ್ನು ಇನ್ನೂ ದೊಡ್ಡ ಫೋಲ್ಡರುಗಳಲ್ಲಿಯೂ ಇಡುವುದು ಸರ್ವವಿದಿತ. ಒಂದು ಕಡತವನ್ನು ಮುಟ್ಟಲು ಯಾವ ಯಾವ ಫೋಲ್ಡರುಗಳ ಮೂಲಕ ಹೋಗಬೇಕೆಂದು ಕ್ರಮವಾಗಿ ಬರೆದ ಹೆಸರುಗಳ ಸಾಲನ್ನು ಕಡತಮಾರ್ಗವೆನ್ನೋಣ. ನಮ್ಮ ಉದಾಹರಣೆಗಾಗಿ ‘ಶಾಸನಸಂಗ್ರಹ’ ಎಂಬ ಫೋಲ್ಡರು ಇದೆಯೆಂದೂ, ಅದರೊಳಗೆ ‘ಪಾಠ’, ‘ಚಿತ್ರ’, ‘ಪಟ್ಟಿ’, ‘ಕ್ರಮವಿಧಿ’ ಎಂಬ ನಾಲ್ಕು ಫೋಲ್ಡರುಗಳಿವೆಯೆಂದೂ, ಪಾಠ ಮತ್ತು ಚಿತ್ರಗಳೊಳಗೆ ಮತ್ತೆ ನಾಲ್ಕು ತಾಲೂಕುಗಳ ಹೆಸರಿನ ಫೋಲ್ಡರುಗಳಿವೆಯೆಂದೂ ಇಟ್ಟುಕೊಳ್ಳೋಣ. ವಿಂಡೋಸ್ ಯಂತ್ರವೊಂದರಲ್ಲಿ ಗವಿಮಠದ ಅಶೋಕಶಾಸನದ ಪಾಠಕ್ಕೆ ಪೂರ್ತಿಯಾದ ಮಾರ್ಗ ಹೀಗಿರಬಹುದು:

ಡಿ:\ಶಾಸನಸಂಗ್ರಹ\ಪಾಠ\ಕೊಪ್ಪಳ\ಗವಿಮಠ

ಅದೇ ಕಡತಕ್ಕೆ ಲಿನಕ್ಸ್ ಯಂತ್ರದಲ್ಲಿ:

/ಮನೆ/ವಿಭಾಗ/ಶಾಸನಸಂಗ್ರಹ/ಪಾಠ/ಕೊಪ್ಪಳ/ಗವಿಮಠ

ಡ್ರೈವಿನ ಹೆಸರು ನಿಜವಾಗಿ ರೋಮನ್ ಅಕ್ಷರದಲ್ಲಿರುತ್ತದೆ. ಲಿನಕ್ಸಿನ ಮೇಲಣ ಫೋಲ್ಡರುಗಳ ಹೆಸರುಗಳೂ ಹಾಗೆಯೇ. ಮುದ್ರಣದ ಸೌಕರ್ಯಕ್ಕಾಗಿ ಅವನ್ನು ಕನ್ನಡದಲ್ಲಿ ಬರೆದು, ಹೆಸರಿನ ಕೊನೆಯ ಬಗೆಸೂಚಕ ಅಕ್ಷರಗಳನ್ನು ಬಿಟ್ಟಿದ್ದೇವೆ. ಯಂತ್ರದ ತುತ್ತತುದಿಯಿಂದ ಹೊರಟು ಕಡತದವರೆಗೆ ಎಲ್ಲವನ್ನೂ ಹೇಳುವ ಇಂಥ ಮಾರ್ಗಕ್ಕೆ ನಿರಪೇಕ್ಷ ಮಾರ್ಗವೆಂದು ಹೆಸರು. ಇದು ಸ್ಪಷ್ಟವಾದದ್ದು, ಆದರೆ ಒಂದೇ ಯಂತ್ರಕ್ಕೆ ಕಟ್ಟುಬಿದ್ದದ್ದು. ಪೆನ್ ಡ್ರೈವಿನ ಸಂಗತಿಯಲ್ಲಂತೂ ಯಂತ್ರವೂ ಬದಲಾಗಬೇಕಿಲ್ಲ. ಇಂದು ‘ಇ’ ಎಂಬ ಅಕ್ಷರವನ್ನು ಪಡೆದದ್ದು ನಾಳೆ ಮತ್ತೊಂದು ಡ್ರೈವಿನ ಹಿಂದೆ ಸಿಕ್ಕಿಸಿದರೆ ‘ಎಫ್’ ಆಗುತ್ತದೆ, ಪಟ್ಟಿಯಲ್ಲಿ ಬರೆದ ಮಾರ್ಗಗಳೆಲ್ಲವೂ ಒಮ್ಮೆಗೇ ಸುಳ್ಳಾಗುತ್ತವೆ.

ಇದಕ್ಕೆ ಪ್ರತಿಯಾಗಿ, ಇದ್ದ ಒಂದು ನೆಲೆಯಿಂದ ಹೊರಟು ಮುಂದಿನ ದಾರಿಯನ್ನಷ್ಟೇ ಹೇಳುವುದು ಸಾಪೇಕ್ಷ ಮಾರ್ಗ. ‘ಶಾಸನಸಂಗ್ರಹ’ದಲ್ಲಿ ನಿಂತವನಿಗೆ ‘ಪಾಠ/ಕೊಪ್ಪಳ/ಗವಿಮಠ’ ಎಂದರೆ ಸಾಕು. ಒಂದು ಬಿಂದುವು ನಿಂತ ಫೋಲ್ಡರನ್ನೂ, ಒತ್ತಾಗಿ ಬರೆದ ಎರಡು ಬಿಂದುಗಳು ಅದನ್ನು ಒಳಗೊಂಡ ಮೇಲಣ ಫೋಲ್ಡರನ್ನೂ ಸೂಚಿಸುತ್ತವೆ. ಪಾಠದ ‘ಕೊಪ್ಪಳ’ ಫೋಲ್ಡರಿನಿಂದ ಚಿತ್ರಕ್ಕೆ ಹೋಗಬೇಕಾದರೆ ‘../../ಚಿತ್ರ/ಕೊಪ್ಪಳ/ಗವಿಮಠ’ ಎಂದು ಬರೆಯುತ್ತೇವೆ: ಎರಡು ಮೆಟ್ಟಿಲು ಏರು, ಚಿತ್ರದೊಳಕ್ಕೆ ಇಳಿ ಎಂದರ್ಥ. ಸಂಗ್ರಹವನ್ನು ಇಡಿಯಾಗಿ ಎಲ್ಲಿಗೆ ಒಯ್ದರೂ ಈ ಏರಿಳಿತ ಕೆಡುವುದಿಲ್ಲ. ಬಿಂದುಗಳ ಈ ಸಂಕೇತವು ಮೂರು ವ್ಯವಸ್ಥೆಗಳಿಗೂ ಸಮಾನ.

ಇತಿಹಾಸದ ವಿದ್ಯಾರ್ಥಿಗೆ ಈ ಎರಡು ಬಗೆಗಳೂ ಹೊಸವಲ್ಲ. ಅಡಿಟಿಪ್ಪಣಿಯಲ್ಲಿ ‘ಅದೇ, ಪುಟ 12’ ಎಂದು ಬರೆಯುವುದು ಸಾಪೇಕ್ಷ. ಗ್ರಂಥದ ಹೆಸರು, ಸಂಪುಟ, ಮುದ್ರಣವರ್ಷಗಳೊಡನೆ ಬರೆಯುವುದು ನಿರಪೇಕ್ಷ. ನಿರಪೇಕ್ಷವೆಂದದ್ದು ಎಷ್ಟು ಬೇಗ ಹಳತಾಗುತ್ತದೆಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಎಂಬ ಎರಡು ಗುಡ್ಡಗಳ ಮೇಲಿನ ಅಶೋಕನ ಕಿರುಶಾಸನಗಳು 1931ರಲ್ಲಿ ಬೆಳಕಿಗೆ ಬಂದವು, ಆರ್. ಎಲ್. ಟರ್ನರ್ ಅವರ ಸಂಪಾದನೆಯಲ್ಲಿ 1932ರಲ್ಲಿ ಹೈದರಾಬಾದ್ ಪ್ರಾಕ್ತನ ಮಾಲೆಯ ಹತ್ತನೆಯ ಗ್ರಂಥವಾಗಿ ಪ್ರಕಟವಾದವು. ಅಂದು ಅವುಗಳ ವಿಳಾಸ ನಿಜಾಮರ ಹೈದರಾಬಾದ್ ಸಂಸ್ಥಾನ. 1956ರಲ್ಲಿ ಅದು ಮೈಸೂರು ರಾಜ್ಯದ ರಾಯಚೂರು ಜಿಲ್ಲೆಯಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆಯೂ ಬೇರೆಯಾಗಿ ಕೊಪ್ಪಳ ಜಿಲ್ಲೆಯೆನಿಸಿತು. ಬಂಡೆಗಳು ಕದಲಲಿಲ್ಲ, ವಿಳಾಸವು ಮತ್ತೆ ಮತ್ತೆ ಬದಲಾಯಿತು. ಆದರೆ ಪಾಲ್ಕಿಗುಂಡಿನ ಪಾಠ ಬಹಳ ಸವೆದಿರುವುದರಿಂದ ಅದನ್ನು ಗವಿಮಠದ ಪಾಠದೊಡನೆ ಇಟ್ಟು ಓದಬೇಕೆಂಬ ಸಂಬಂಧವು ಅಂದಿನಂತೆ ಇಂದಿಗೂ ಸತ್ಯ. ಸಂಗ್ರಹಕಾರನು ಬರೆದಿಡಬೇಕಾದ್ದು ಮುಖ್ಯವಾಗಿ ಈ ಸಂಬಂಧವನ್ನು.

ಹಾಗಾದರೆ ಸಾಪೇಕ್ಷ ಮಾರ್ಗವನ್ನು ಬಳಸಿದೊಡನೆ ತೊಂದರೆ ಮುಗಿಯಿತೆಂದು ತಿಳಿಯಬಾರದು. ಯಾವುದಕ್ಕೆ ಸಾಪೇಕ್ಷವೆಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಕೆರೆ, ಹಳ್ಳ, ಮರ, ನಟ್ಟ ಕಲ್ಲುಗಳ ಮೂಲಕ ಹೇಳುವುದುಂಟು. ಊರಿನಲ್ಲಿ ನಿಂತು ಓದಿದಾಗ ಅದಕ್ಕಿಂತ ನಿಖರವಾದ ಮಾತಿಲ್ಲ. ಆ ಕಲ್ಲನ್ನು ಕಿತ್ತು ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿ, ಅದು ಬಂದ ಊರನ್ನು ಯಾರೂ ಬರೆದಿಡದಿದ್ದರೆ, ‘ಇಲ್ಲಿಂದ ಮೂಡಲು’ ಎಂಬುದರಲ್ಲಿನ ‘ಇಲ್ಲಿ’ ಎಲ್ಲಿ? ಅಕ್ಷರವೊಂದೂ ಅಳಿದಿರುವುದಿಲ್ಲ, ಅರ್ಥ ಮಾತ್ರ ಹೊರಟುಹೋಗಿರುತ್ತದೆ. ಗಣಕದಲ್ಲಿಯೂ ಇದೇ ನಡೆಯುತ್ತದೆ. ಕ್ರಮವಿಧಿಯೊಂದು ‘ಪಾಠ/ಕೊಪ್ಪಳ/ಗವಿಮಠ’ವನ್ನು ತೆರೆಯೆಂದು ಕೇಳಿದಾಗ ವ್ಯವಸ್ಥೆಯು ಆ ಮಾರ್ಗವನ್ನು ಎಣಿಸುವುದು ಕ್ರಮವಿಧಿಯ ಕಡತವಿರುವ ಜಾಗದಿಂದಲ್ಲ; ಅದನ್ನು ಓಡಿಸಿದವನು ಆ ಹೊತ್ತಿಗೆ ಯಾವ ಫೋಲ್ಡರಿನಲ್ಲಿ ನಿಂತಿದ್ದನೋ ಅಲ್ಲಿಂದ. ಇದನ್ನು ಪ್ರಚಲಿತ ಫೋಲ್ಡರು ಎನ್ನಬಹುದು. ಮೌಸನ್ನು ಎರಡು ಬಾರಿ ಒತ್ತಿ ನಡೆಸಿದಾಗ ಅದು ಒಂದು, ಕಪ್ಪು ಆಜ್ಞಾಪರದೆಯಿಂದ ನಡೆಸಿದಾಗ ಇನ್ನೊಂದು, ರಾತ್ರಿ ತಾನಾಗಿ ನಡೆಯುವಂತೆ ಹೊತ್ತು ಗೊತ್ತುಮಾಡಿಟ್ಟರೆ ಮೂರನೆಯದು. ಹೀಗಿರಲು ಕುಷ್ಟಗಿಯ ವಿದ್ಯಾರ್ಥಿಯ ಕೈಯಲ್ಲಿ ನಡೆದದ್ದು ಗಂಗಾವತಿಯ ವಿದ್ಯಾರ್ಥಿಯ ಕೈಯಲ್ಲಿ ನಡೆಯದಿದ್ದರೆ ಅವರಿಬ್ಬರ ಜಾಣ್ಮೆಯಲ್ಲಿ ಹೆಚ್ಚುಕಡಿಮೆಯಿದೆಯೆಂದಲ್ಲ. ಅವರು ನಿಂತ ಜಾಗ ಬೇರೆ, ಅಷ್ಟೆ.

ಆದಕಾರಣ ಮೂಲಬಿಂದುವನ್ನು ನಡೆಸುವವನ ನಿಲುವಿಗೆ ಬಿಡದೆ, ಸಂಗ್ರಹದೊಳಗೇ ಸ್ಥಿರಪಡಿಸಬೇಕು. ಕ್ರಮವಿಧಿಯು ತಾನು ಎಲ್ಲಿದ್ದೇನೆಂಬುದನ್ನು ತಾನೇ ತಿಳಿದುಕೊಳ್ಳಬಲ್ಲದು. ಪೈಥಾನ್ ಭಾಷೆಯಲ್ಲಿ ‘ಫೈಲ್’ ಎಂಬ ಪದದ ಎರಡೂ ಪಕ್ಕಗಳಲ್ಲಿ ಎರಡೆರಡು ಅಡಿಗೆರೆಗಳನ್ನಿಟ್ಟು ಬರೆಯುವ ಹೆಸರು ಈ ಮಾಹಿತಿಯನ್ನು ಕೊಡುತ್ತದೆ. ಅಲ್ಲಿಂದ ಆ ಕಡತವಿರುವ ‘ಕ್ರಮವಿಧಿ’ ಫೋಲ್ಡರಿಗೂ, ಮತ್ತೊಂದು ಮೆಟ್ಟಿಲು ಏರಿ ‘ಶಾಸನಸಂಗ್ರಹ’ಕ್ಕೂ ಬಂದರೆ ಅದೇ ನಮ್ಮ ಮೂಲ. ಮುಂದಿನ ಎಲ್ಲ ಮಾರ್ಗಗಳನ್ನೂ ಆ ಮೂಲಕ್ಕೆ ಜೋಡಿಸಿಕೊಂಡು ಹೋಗಬೇಕು. ಸಂಗ್ರಹ ಪೆನ್ ಡ್ರೈವಿಗೆ ಹೋದರೆ ಮೂಲವೂ ಅದರೊಡನೆ ಹೋಗುತ್ತದೆ. ಕಲ್ಲಿನ ಜೊತೆಗೆ ಊರೂ ಬಂದಂತೆ. ಕ್ರಮವಿಧಿಯನ್ನು ಸಂಗ್ರಹದ ಹೊರಗಿಡಲೇಬೇಕಾದ ಸಂದರ್ಭದಲ್ಲಿ ಮೂಲ ಫೋಲ್ಡರಿನ ಹೆಸರನ್ನು ನಡೆಸುವವನಿಂದ ಒಂದು ಬಾರಿ, ಒಂದೇ ಕಡೆ, ಕೇಳಿ ಪಡೆಯುವುದು ಲೇಸು. ಅದೇ ನಿರಪೇಕ್ಷ ಮಾರ್ಗವನ್ನು ನೂರು ಸಾಲುಗಳಲ್ಲಿ ಚೆಲ್ಲಿಟ್ಟಿರುವ ಕ್ರಮವಿಧಿಗಳನ್ನು ನಾವು ಕಂಡಿದ್ದೇವೆ; ಅವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ.

ಇನ್ನು ಓರೆಗೆರೆಯ ವಿಷಯ. ಮೇಲಿನ ಎರಡು ಉದಾಹರಣೆಗಳಲ್ಲಿ ವಿಂಡೋಸಿನ ಗೆರೆಯು ಹಿಂದಕ್ಕೂ, ಲಿನಕ್ಸಿನ ಗೆರೆಯು ಮುಂದಕ್ಕೂ ಬಾಗಿರುವುದನ್ನು ವಾಚಕರು ಗಮನಿಸಿರಬಹುದು. ಈ ಭೇದದ ಹಿಂದೆ ತತ್ತ್ವವೇನೂ ಇಲ್ಲ, ಚರಿತ್ರೆಯಿದೆ. ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಮುಂದೆ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಯು ಫೋಲ್ಡರುಗಳ ನಡುವೆ ಮುಂದಕ್ಕೆ ಬಾಗಿದ ಗೆರೆಯನ್ನು ಇಟ್ಟಿತು. ಲಿನಕ್ಸ್ ಆ ಪರಂಪರೆಯದು. ಮ್ಯಾಕ್ ವ್ಯವಸ್ಥೆಯು ಹಿಂದೆ ವಿಸರ್ಗದಂಥ ಎರಡು ಚುಕ್ಕೆಗಳನ್ನು ಬಳಸುತ್ತಿದ್ದು, 2001ರಿಂದ ಯೂನಿಕ್ಸಿನ ಬುಡಕ್ಕೆ ಬಂದಿತು. ವಿಂಡೋಸಿನ ಪೂರ್ವಜವಾದ ಎಂಎಸ್-ಡಾಸ್ 1981ರಲ್ಲಿ ಹೊರಬಂದಾಗ ಅದರಲ್ಲಿ ಒಳಫೋಲ್ಡರುಗಳೇ ಇರಲಿಲ್ಲ; ಮುಂದಕ್ಕೆ ಬಾಗಿದ ಗೆರೆಯು ಆಜ್ಞೆಗಳ ವಿಕಲ್ಪಗಳನ್ನು ಸೂಚಿಸಲು ಬಳಕೆಯಾಗಿಹೋಗಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಆ ಗೆರೆ ಬಿಡುವಾಗಿರಲಿಲ್ಲವಾದ್ದರಿಂದ ಹಿಂದಕ್ಕೆ ಬಾಗಿದ್ದನ್ನು ಆರಿಸಿದರು. ಎರಡು ವರ್ಷಗಳ ಹಿಂದಣ ಒಂದು ಸಣ್ಣ ರೂಢಿಯನ್ನು ಕೆಡಿಸಬಾರದೆಂದು ಮಾಡಿದ ಈ ಏರ್ಪಾಡು ನಾಲ್ಕು ದಶಕಗಳಿಂದ ಜಗತ್ತನ್ನು ಕಾಡುತ್ತಿದೆ. ಜಪಾನಿನ ಯಂತ್ರಗಳಲ್ಲಿ ಆ ಹಿಂಬಾಗಿದ ಗೆರೆಯ ಜಾಗದಲ್ಲಿ ಅವರ ನಾಣ್ಯವಾದ ಯೆನ್ನಿನ ಚಿಹ್ನೆ ಕಾಣಿಸುವುದುಂಟು, ಎಂದರೆ ಅಲ್ಲಿಯವರು ಫೋಲ್ಡರುಗಳ ನಡುವೆ ಹಣದ ಗುರುತನ್ನು ಓದುತ್ತ ಬಂದಿದ್ದಾರೆ.

ವ್ಯವಹಾರದಲ್ಲಿ ಇದರ ಪರಿಣಾಮ ಎರಡೂ ಕಡೆ ಒಂದೇ ಸಮನಲ್ಲ. ವಿಂಡೋಸ್ ತನ್ನ ಕ್ರಮವಿಧಿಗಳಿಂದ ಬಂದ ಮುಂಬಾಗಿದ ಗೆರೆಯನ್ನೂ ಬಹುಮಟ್ಟಿಗೆ ಸ್ವೀಕರಿಸುತ್ತದೆ. ಆಜ್ಞಾಪರದೆಯ ಹಳೆಯ ಆಜ್ಞೆಗಳಲ್ಲಿ ಮಾತ್ರ ಅದು ತಪ್ಪರ್ಥಕ್ಕೆ ಎಡೆಗೊಡುತ್ತದೆ. ಲಿನಕ್ಸ್ ಹಾಗಲ್ಲ. ಅದರ ಪಾಲಿಗೆ ಹಿಂಬಾಗಿದ ಗೆರೆಯೆಂದರೆ ಹೆಸರಿನೊಳಗೆ ಬರಬಹುದಾದ ಮತ್ತೊಂದು ಅಕ್ಷರ. ‘ಕೊಪ್ಪಳ\ಗವಿಮಠ’ ಎಂದು ಪಟ್ಟಿಯಲ್ಲಿ ಬರೆದಿದ್ದರೆ, ಕೊಪ್ಪಳ ಎಂಬ ಫೋಲ್ಡರಿನೊಳಗಿನ ಗವಿಮಠವೆಂದು ಅದು ತಿಳಿಯುವುದಿಲ್ಲ; ಅಷ್ಟೂ ಸೇರಿದ ಒಂದೇ ಹೆಸರಿನ ಕಡತವನ್ನು ಹುಡುಕಿ, ಇಲ್ಲವೆನ್ನುತ್ತದೆ. ಅಲ್ಲದೆ ಬಹುತೇಕ ಕ್ರಮವಿಧಿಭಾಷೆಗಳಲ್ಲಿ ಹಿಂಬಾಗಿದ ಗೆರೆಗೆ ವಿಶೇಷಾರ್ಥವಿದೆ. ಅದರ ಮುಂದೆ ರೋಮನ್ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಅಗಲವಾದ ತೆರಪು. ಹೀಗಾಗಿ ನಮ್ಮ ಅಭಿಪ್ರಾಯ ನಿಸ್ಸಂದಿಗ್ಧವಾದದ್ದು: ಪಟ್ಟಿಯಲ್ಲಿ ಬರೆದಿಡುವ ಮಾರ್ಗಗಳೆಲ್ಲವೂ ಸಂಗ್ರಹದ ಮೂಲದಿಂದ ಹೊರಡುವ ಸಾಪೇಕ್ಷ ಮಾರ್ಗಗಳಾಗಿರಬೇಕು, ಅವುಗಳಲ್ಲಿ ಮುಂಬಾಗಿದ ಗೆರೆಯೊಂದೇ ಇರಬೇಕು. ಯಂತ್ರಕ್ಕೆ ತಕ್ಕ ರೂಪಕ್ಕೆ ತಿರುಗಿಸುವ ಕೆಲಸ ಓದುವ ಕ್ರಮವಿಧಿಗೆ ಸೇರಿದ್ದು. ಪೈಥಾನಿನಲ್ಲಿ 2014ರ 3.4ನೆಯ ಆವೃತ್ತಿಯಿಂದ ‘ಪಾತ್‌ಲಿಬ್’ ಎಂಬ ಘಟಕ ಇದಕ್ಕೆಂದೇ ಇದೆ. ಮಾರ್ಗವನ್ನು ಬರಿಯ ಅಕ್ಷರಗಳ ಸಾಲೆಂದು ಎಣಿಸದೆ ಬೇರೆಬೇರೆ ಹೆಸರುಗಳ ಜೋಡಣೆಯೆಂದು ಅದು ಎಣಿಸುತ್ತದೆ. ಹಳೆಯ ಪಟ್ಟಿಗಳಲ್ಲಿ ಹಿಂಬಾಗಿದ ಗೆರೆಗಳಿದ್ದರೆ, ಅವನ್ನು ವಿಂಡೋಸಿನ ಮಾರ್ಗಗಳೆಂದು ಓದಿ ಮುಂಬಾಗಿದ ರೂಪದಲ್ಲಿ ಬರೆದುಕೊಡುವ ಸೌಕರ್ಯವೂ ಅದರಲ್ಲಿದ್ದು, ಲಿನಕ್ಸ್ ಯಂತ್ರದಲ್ಲಿ ಕುಳಿತೇ ಆ ಕೆಲಸ ಮಾಡಬಹುದು. ಆರ್, ಜಾವಾ ಮೊದಲಾದವುಗಳಲ್ಲಿಯೂ ಮಾರ್ಗಗಳನ್ನು ಜೋಡಿಸುವ ಸಾಧನಗಳಿವೆ.

ಜೋಡಿಸುವಾಗ ಒಂದು ಎಚ್ಚರಿಕೆ ಬೇಕು. ಪಟ್ಟಿಯ ಸಾಲು ಓರೆಗೆರೆಯಿಂದಲೇ ಆರಂಭವಾಗಿದ್ದರೆ, ಎಂದರೆ ‘/ಪಾಠ/ಕೊಪ್ಪಳ’ ಎಂದಿದ್ದರೆ, ಅದು ನಿರಪೇಕ್ಷವೆಂದು ಬಗೆದು ಪೈಥಾನ್ ಮೂಲವನ್ನೇ ಬಿಟ್ಟುಬಿಡುತ್ತದೆ, ಯಾವ ದೂರನ್ನೂ ಹೇಳುವುದಿಲ್ಲ. ವಿಂಡೋಸಿನಲ್ಲಿ ಅರ್ಧ ಸಾಪೇಕ್ಷವಾದ ಎರಡು ವಿಚಿತ್ರ ರೂಪಗಳಿವೆ. ‘\ಪಾಠ’ ಎಂದರೆ ಪ್ರಚಲಿತ ಡ್ರೈವಿನ ತುದಿಯಿಂದ. ‘ಡಿ:ಪಾಠ’ ಎಂದರೆ ಡಿ ಡ್ರೈವಿನಲ್ಲಿ ಆ ಹೊತ್ತಿಗೆ ಯಾವ ಫೋಲ್ಡರು ಪ್ರಚಲಿತವಾಗಿದೆಯೋ ಅಲ್ಲಿಂದ. ಇವೆರಡನ್ನೂ ಸಂಗ್ರಹದಲ್ಲಿ ಬಳಸದಿರುವುದೇ ಒಳ್ಳೆಯದು.

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಯ ಹೆಸರುಗಳಿಗೂ ಅನ್ವಯಿಸುತ್ತದೆ. ಹೆಸರುಗಳು ಕನ್ನಡದಲ್ಲಿದ್ದಾಗ ಇನ್ನೊಂದು ತೊಡಕು ಸೇರುತ್ತದೆ. ಅದು ನಮ್ಮ ಕೈಪಿಡಿಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇವೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ಅದರಲ್ಲಿ ಒಕಾರದ ಚಿಹ್ನೆಗೆ ತನ್ನದೇ ಆದ ಒಂದು ಸಂಕೇತವಿದೆ. ಅದೇ ಚಿಹ್ನೆಯನ್ನು ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಮುಂದೊಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ನಿಯಮದಂತೆ ಅವು ಸಮಾನವೇ ಹೌದು. ಆದರೆ ‘ಕೊಪ್ಪಳ’ ಎಂಬ ಹೆಸರು ಮೊದಲನೆಯ ರೀತಿಯಲ್ಲಿ 6 ಸಂಕೇತಗಳು, ಎರಡನೆಯ ರೀತಿಯಲ್ಲಿ 7. ಕಡತವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟುಗಳಾದ್ದರಿಂದ ಒಂದು 18 ಬೈಟು, ಇನ್ನೊಂದು 21. ಲಿನಕ್ಸ್ ಹೆಸರುಗಳನ್ನು ಬೈಟುಗಳ ಸಾಲೆಂದೇ ಹೋಲಿಸುತ್ತದೆ. ಅದರಲ್ಲಿ ಒಂದೇ ಜಾಗದಲ್ಲಿ ‘ಕೊಪ್ಪಳ’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕದಲ್ಲಿ ಇರಬಲ್ಲವು. ನೋಡುವವನಿಗೆ ಕಣ್ಕಟ್ಟಿನಂತೆ ತೋರುತ್ತದೆ. ವಿಂಡೋಸ್ ಕೂಡ ಇವೆರಡನ್ನು ಬೇರೆಯೆಂದೇ ತಿಳಿಯುತ್ತದೆ. ಮ್ಯಾಕಿನ ಹಳೆಯ ಕಡತವ್ಯವಸ್ಥೆಯಾದರೋ ಕೊಟ್ಟ ಹೆಸರನ್ನು ತಾನೇ ಬಿಡಿಸಿ ಎರಡನೆಯ ರೂಪದಲ್ಲಿ ಇಟ್ಟುಕೊಳ್ಳುತ್ತಿತ್ತು. 2017ರಲ್ಲಿ ಬಂದ ಹೊಸ ವ್ಯವಸ್ಥೆಯು ಕೊಟ್ಟಂತೆ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೆಂದು ಪರಿಗಣಿಸುತ್ತದೆ. ಆದುದರಿಂದ ಹಳೆಯ ಮ್ಯಾಕ್ ಯಂತ್ರದ ಮೂಲಕ ಹಾದುಬಂದ ಸಂಗ್ರಹದಲ್ಲಿ ಫೋಲ್ಡರಿನ ಹೆಸರು ಬಿಡಿಸಿದ ರೂಪದಲ್ಲಿಯೂ, ಪಟ್ಟಿಯೊಳಗಿನ ಹೆಸರು ಕೂಡಿಸಿದ ರೂಪದಲ್ಲಿಯೂ ಇದ್ದು ದಾರಿ ತಪ್ಪುವ ಸಂಭವವಿದೆ.

ಏ, ಈ, ಐ, ಓ ಸ್ವರಗಳ ಚಿಹ್ನೆಗಳಿಗೂ ಇಂಥ ಇಬ್ಬಗೆಯ ಬರವಣಿಗೆಯಿದೆ. ಆ, ಇ, ಉ, ಊ, ಎ ಚಿಹ್ನೆಗಳಿಗಿಲ್ಲ. ಇದರ ಫಲವಾಗಿ ನಮ್ಮ ನಾಲ್ಕು ಹೆಸರುಗಳಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಮೂರೂ ಎಲ್ಲ ಯಂತ್ರಗಳಲ್ಲಿಯೂ ನಿರಾತಂಕವಾಗಿ ತೆರೆದುಕೊಂಡು, ಕೊಪ್ಪಳವೊಂದೇ ಮುಚ್ಚಿಕೊಂಡಿರುವ ವಿಲಕ್ಷಣ ಸನ್ನಿವೇಶ ಉಂಟಾಗಬಹುದು. ಇಟಗಿ, ಕುಕನೂರು, ಕನಕಗಿರಿಗಳಿಗೆ ಭಯವಿಲ್ಲ; ಆನೆಗೊಂದಿ, ಹಿರೇಬೆಣಕಲ್, ತಾವರಗೇರಾಗಳಿಗೆ ಇದೆ. ಕಾರಣವನ್ನರಿಯದವನು ಕೊಪ್ಪಳದ ಸಾಮಗ್ರಿಯನ್ನು ತಂದವನ ಮೇಲೆ ತಪ್ಪು ಹೊರಿಸಿಬಿಡುತ್ತಾನೆ. ಪರಿಹಾರ ಸರಳವಾದದ್ದು. ಕಡತದ ಹೆಸರುಗಳನ್ನೂ ಪಟ್ಟಿಯ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ, ಎಂದರೆ ಯೂನಿಕೋಡಿನವರು ಎನ್‌ಎಫ್‌ಸಿ ಎನ್ನುವ ರೂಪಕ್ಕೆ, ಒಮ್ಮೆ ತಂದು ಅನಂತರ ಹೋಲಿಸಬೇಕು. ಪೈಥಾನಿನ ‘ಯೂನಿಕೋಡ್‌ಡೇಟಾ’ ಘಟಕದಲ್ಲಿ ಇದಕ್ಕೆ ಒಂದೇ ಸಾಲಿನ ಆಜ್ಞೆಯಿದೆ.

ಈ ರೂಪಾಂತರಕ್ಕೂ ಸಿಗದ ಭೇದಗಳು ಕೆಲವಿವೆ. ಪಾಲ್ಕಿಗುಂಡು ಎಂಬಲ್ಲಿ ಲಕಾರಕ್ಕೆ ಒತ್ತು ಕೊಟ್ಟು ಬರೆಯುವವರಿರುವಂತೆ, ಲಕಾರವನ್ನು ಅರ್ಧಾಕ್ಷರವಾಗಿ ನಿಲ್ಲಿಸಿ ‘ಪಾಲ್‌ಕಿಗುಂಡು’ ಎಂದು ಬರೆಯುವವರೂ ಉಂಟು. ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಸೇರುತ್ತದೆ. ‘ಹಿರೇಬೆಣಕಲ್’ನಂಥ ಹೆಸರುಗಳ ಕೊನೆಗೂ ಅದು ಅಡಗಿ ಕುಳಿತಿರಬಹುದು. ಕನ್ನಡದ ‘೧’ ಮತ್ತು ಸರ್ವತ್ರ ಬಳಕೆಯ ‘1’ ಬೇರೆಬೇರೆ ಸಂಕೇತಗಳು. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಹೆಸರುಗಳ ಒಪ್ಪಿತ ಪಟ್ಟಿಯನ್ನು ಮೊದಲೇ ಮಾಡಿ ಹಂಚುವುದರ ಹೊರತು ಬೇರೆ ಉಪಾಯವಿಲ್ಲ. ಇಷ್ಟೆಲ್ಲ ಕಷ್ಟವೇಕೆ, ರೋಮನ್ ಲಿಪಿಯಲ್ಲಿಯೇ ಹೆಸರಿಡಬಾರದೇ ಎಂದು ಕೇಳುವವರಿದ್ದಾರೆ. ‘ನುಡಿ’, ‘ಬರಹ’ಗಳ ಯೂನಿಕೋಡಲ್ಲದ ಅಕ್ಷರಗಳ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಈಗ ಹಾಗಿಲ್ಲ. ರೋಮನ್ ಲಿಪಿಯಲ್ಲಿ ಕೊಪ್ಪಳವನ್ನು ಪಕಾರವೊಂದಿಟ್ಟು, ಎರಡಿಟ್ಟು, ಕೊನೆಯ ಅಕಾರವಿದ್ದೂ ಇಲ್ಲದೆಯೂ ಬರೆಯುತ್ತಾರೆ, ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಪ್ರಕಟಿಸಿದ ಕೊಪ್ಪಳದ ಕನ್ನಡ ಶಾಸನಗಳ ಗ್ರಂಥದ ಹೆಸರಿನಲ್ಲಿ ನಡುವೆ ಬಕಾರವೂ ಇದೆ. ಮೇಲಾಗಿ ರೋಮನ್ನಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎನ್ನುತ್ತದೆ, ಲಿನಕ್ಸ್ ಬೇರೆ ಎನ್ನುತ್ತದೆ. ಕನ್ನಡಕ್ಕೆ ಆ ಜಂಜಾಟವೇ ಇಲ್ಲ. ಊರಿನ ಹೆಸರು ಕನ್ನಡದಲ್ಲಿ, ಶಾಸನದ ಸಂಖ್ಯೆ 1, 2, 3 ಎಂಬ ಅಂಕಿಗಳಲ್ಲಿ ಇರುವುದು ನಮಗೆ ಮೆಚ್ಚುಗೆಯಾದ ಕ್ರಮ.

ಹೆಸರಿನೊಳಗೆ ಬರಬಾರದ ಚಿಹ್ನೆಗಳ ವಿಷಯದಲ್ಲಿ ಶಾಸನ ಓದುವವರು ವಿಶೇಷವಾಗಿ ಎಚ್ಚರವಹಿಸಬೇಕು. ಸಂದಿಗ್ಧ ಪಾಠಕ್ಕೆ ಪ್ರಶ್ನಾರ್ಥಕ ಚಿಹ್ನೆಯನ್ನೋ ನಕ್ಷತ್ರವನ್ನೋ ಹಾಕುವುದು ನಮ್ಮ ಹಳೆಯ ಅಭ್ಯಾಸ. ‘ಕೊಪಣ?’ ಎಂಬ ಹೆಸರಿನ ಕಡತವನ್ನು ಲಿನಕ್ಸ್ ಮರುಮಾತಿಲ್ಲದೆ ಇಟ್ಟುಕೊಳ್ಳುತ್ತದೆ. ವಿಂಡೋಸಿಗೆ ಒಯ್ದರೆ ಅದು ಇಳಿಯುವುದೇ ಇಲ್ಲ. ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಚುಕ್ಕೆ, ನೇರವಾದ ಜೋಡಿ ಉದ್ಧರಣಚಿಹ್ನೆ, ನಿಲುಗೆರೆ, ಕೋನಾಕಾರದ ಎರಡು ಚಿಹ್ನೆಗಳು, ಎರಡೂ ಓರೆಗೆರೆಗಳು ಅಲ್ಲಿ ನಿಷಿದ್ಧ. ಹೆಸರಿನ ಕೊನೆಯಲ್ಲಿ ಬಿಂದು ಅಥವಾ ತೆರಪು ಇರಕೂಡದು. ದಿನಾಂಕವನ್ನು ಓರೆಗೆರೆಯಿಟ್ಟು ಬರೆದರೆ ಎಲ್ಲಿಯೂ ನಡೆಯದು. ಸಂದೇಹವನ್ನು ಪಾಠದೊಳಗೆ ಸೂಚಿಸಿದರೆ ಸಾಕು, ಕಡತದ ಹೆಸರಿಗೆ ಅದರ ಅಗತ್ಯವಿಲ್ಲ. ಉದ್ದಕ್ಕೂ ಮಿತಿಯಿದೆ. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟು. ಇಂಗ್ಲಿಷಿನವರಿಗೆ ಅದು 255 ಅಕ್ಷರವಾದರೆ ನಮಗೆ 85 ಸಂಕೇತಗಳು, ಅದರಲ್ಲಿಯೂ ಒತ್ತು, ಗುಣಿತದ ಚಿಹ್ನೆಗಳು ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ವಿಂಡೋಸಿನಲ್ಲಿ ಡ್ರೈವಿನಿಂದ ಹಿಡಿದು ಇಡೀ ಮಾರ್ಗಕ್ಕೆ 260ರ ಹಳೆಯ ಮಿತಿ, ಬದಲಿಸದ ಹೊರತು, ಇಂದಿಗೂ ಕಾಡುತ್ತದೆ. ಚಿತ್ರದ ಪೂರ್ತಿ ವಿವರಣೆಯನ್ನೇ ಹೆಸರಾಗಿ ಇಡುವ ನಮ್ಮ ವಿದ್ಯಾರ್ಥಿಗಳ ಹುರುಪಿಗೆ ಇವೆರಡೂ ಅಡ್ಡಬರುತ್ತವೆ.

ಕೊನೆಯದಾಗಿ, ತಾಲೂಕುವಾರು ಫೋಲ್ಡರುಗಳನ್ನು ಮಾಡುವುದರ ಬಗ್ಗೆ. ನಾಲ್ಕು ತಾಲೂಕು, ನಾಲ್ಕು ಫೋಲ್ಡರು ಎಂಬ ಏರ್ಪಾಡನ್ನೇ ಇದುವರೆಗೆ ಉದಾಹರಣೆಗೆ ಬಳಸಿದೆವು. ವಿದ್ಯಾರ್ಥಿಗಳು ಸಹಜವಾಗಿ ಮಾಡುವುದೂ ಅದನ್ನೇ. ಆದರೆ ಮಾರ್ಗದೊಳಗೆ ಆಡಳಿತದ ಹೆಸರು ಸೇರಿತೆಂದರೆ ಸಾಪೇಕ್ಷ ಮಾರ್ಗದ ಹೊಟ್ಟೆಯೊಳಗೆ ನಿರಪೇಕ್ಷದ ದೋಷ ಸೇರಿದಂತೆಯೇ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯವನ್ನು ಹಿಂದಿನ ಪುಸ್ತಕಗಳೆಲ್ಲವೂ ಯಲಬುರ್ಗಾ ತಾಲೂಕಿನದೆಂದು ಹೇಳುತ್ತವೆ. ಈಗ ಕುಕನೂರು ಬೇರೆ ತಾಲೂಕಾಗಿ, ಇಟಗಿ ಅದಕ್ಕೆ ಸೇರಿದೆ. ಗಂಗಾವತಿಯಿಂದ ಕನಕಗಿರಿ, ಕಾರಟಗಿಗಳು ಬೇರ್ಪಟ್ಟಿವೆ. ಹೊಸ ವಿಂಗಡಣೆಗೆ ತಕ್ಕಂತೆ ಫೋಲ್ಡರುಗಳನ್ನು ಯಾರಾದರೂ ಉತ್ಸಾಹದಿಂದ ಸರಿಪಡಿಸಿದರೆ, ಆ ಊರುಗಳಿಗೆ ಹೋಗುವ ಮಾರ್ಗಗಳೆಲ್ಲ ಒಂದೇ ದಿನ ಮುರಿಯುತ್ತವೆ. ಫೋಲ್ಡರುಗಳು ಊರಿನ ಹೆಸರಿನಲ್ಲಿರಲಿ. ತಾಲೂಕು, ಜಿಲ್ಲೆ, ಪ್ರಕಟಣೆಯ ಕಾಲದ ಹಳೆಯ ವಿಳಾಸ ಇವೆಲ್ಲವೂ ಪಟ್ಟಿಯ ಅಂಕಣಗಳಲ್ಲಿರಲಿ. ಅಂಕಣವನ್ನು ತಿದ್ದಿದರೆ ದಾರಿ ಕೆಡುವುದಿಲ್ಲ. ಒಂದೇ ಹೆಸರಿನ ಎರಡು ಊರುಗಳಿದ್ದಲ್ಲಿ ಹೆಸರಿನ ಮುಂದೆ ಸಂಖ್ಯೆಯೊಂದನ್ನು ಸೇರಿಸಬಹುದು.

ಸಂಗ್ರಹವು ಸಿದ್ಧವಾದ ಮೇಲೆ ಹೀಗೆ ಪರೀಕ್ಷಿಸಬೇಕು. ‘ಶಾಸನಸಂಗ್ರಹ’ದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ, ಬೇರೆ ಡ್ರೈವಿನಲ್ಲಿ ಇಟ್ಟು, ಸಂಗ್ರಹಕ್ಕೆ ಸಂಬಂಧವಿಲ್ಲದ ಫೋಲ್ಡರಿನಲ್ಲಿ ನಿಂತು ಕ್ರಮವಿಧಿಯನ್ನು ನಡೆಸಬೇಕು. ಪಟ್ಟಿಯ ಪ್ರತಿ ಸಾಲಿಗೂ ಪಾಠ, ಚಿತ್ರಗಳೆರಡೂ ದೊರೆತವೇ ಎಂದು ಅದೇ ಕ್ರಮವಿಧಿ ಎಣಿಸಿ ಹೇಳುವಂತಿರಬೇಕು. ದೊರೆಯದ ಸಾಲುಗಳನ್ನು ಮುಚ್ಚಿಡದೆ ಹೆಸರಿಸಬೇಕು. ಪಟ್ಟಿಯಲ್ಲಿಲ್ಲದೆ ಫೋಲ್ಡರಿನಲ್ಲಿ ಮಾತ್ರ ಉಳಿದ ಅನಾಥ ಚಿತ್ರಗಳನ್ನೂ ಪ್ರತ್ಯೇಕವಾಗಿ ತೋರಿಸಬೇಕು. ಅನಂತರ ಅದನ್ನೇ ವಿಂಡೋಸಿನಲ್ಲೊಮ್ಮೆ, ಲಿನಕ್ಸಿನಲ್ಲೊಮ್ಮೆ ನಡೆಸಿ ಎರಡು ಎಣಿಕೆಗಳನ್ನು ಹೋಲಿಸಬೇಕು. ಎರಡೂ ಒಂದೇ ಬಂದ ಮೇಲೆಯೇ ವಿದ್ಯಾರ್ಥಿಯ ಪೆನ್ ಡ್ರೈವನ್ನು ಹಿಂದಿರುಗಿಸುವುದು ಉಚಿತ.